ಸೊಸೈಟಿ ಹಿಂದಿನ ಅಂಟುವಾಳದ ಮರ ಕಡೀಬೇಕಂತಾರ, ಸಭಾದಾಗ ಏನ್ ಹೇಳ್ಲಿ?

ಧಾರವಾಡದಾಕಿ, ವಾರಜೆ

ಎಲ್ಲಾರಿಗೂ ನಮಸ್ಕಾರ್ರಿ. ಪುಣೆದಾಗ ನಮ್ಮ ಸೊಸೈಟಿ, ಅಂದ್ರ ಫ್ಲ್ಯಾಟಿನ ಬಿಲ್ಡಿಂಗ್ ಹಿಂದ, ಕಂಪೌಂಡ್ ಗೋಡೆ ಹತ್ರ ಒಂದು ದೊಡ್ಡ ಅಂಟುವಾಳದ ಮರ ಐತಿ. ಇಲ್ಲಿ ಮಂದಿ ರಿಠಾ ಅಂತಾರ. ಬಿಲ್ಡಿಂಗ್ ಏಳೋಕಿಂತ ಮೊದಲು ಅಲ್ಲಿ ಹೊಲ ಇತ್ತಂತ, ಆವಾಗಿಂದ ನಿಂತ ಮರ ಅದು.

ಈ ಸಲದ ಸಭಾದಾಗ ಅದನ್ನ ಕಡಿಯೋ ವಿಷಯ ಬರ್ತದ. ತಕರಾರು ಏನಂದ್ರ, ಬ್ಯಾಸಗಿ ಮುಂದ ಹಣ್ಣು ಉದುರಿ ಪಾರ್ಕಿಂಗ್ ತುಂಬಾ ಅಂಟಂಟು ಆಗ್ತದ, ಗಾಡಿ ಹಾದ್ರ ಅರದು ಹೋಗ್ತಾವು, ಅಡ್ಡಮಳಿ ಬಿದ್ರ ಫರಸಿ ಮ್ಯಾಲೆ ನೊರಿ ಏಳ್ತದ. ಕಾಲು ಜಾರ್ತದ ಅನ್ನೋದು ಖರೇನ, ನಾ ಇಲ್ಲ ಅನ್ನೂದಿಲ್ಲ. ಆದ್ರ ಅದ ಸೊಸೈಟಿಯೊಳಗಿನ ಮಂದಿ ಆನ್‌ಲೈನ್‌ನಿಂದ ರಿಠಾ ಶಾಂಪೂ, ರಿಠಾ ಲಿಕ್ವಿಡ್ ಬಾಟಲಿ ತರಸ್ತಾರ. ಹಿತ್ತಲದಾಗ ಮರ ನಿಂತೈತಿ, ಬಾಟಲಿಗೆ ರೊಕ್ಕ ಕೊಡ್ತಾರ. ಇದು ನನಗ ಭಾಳ ಸಂಕಟ ಆಗ್ತದ.

ನಂದು ಮೂರು ಪ್ರಶ್ನಾ ಅದಾವ. ಅಂಗಡಿಯೊಳಗ ಸಿಗೋ ರಿಠಾನೂ ನಮ್ಮ ಮರದ್ದೂ ಒಂದನಾ? ಯಾಕಂದ್ರ ನೋಡಾಕ ಬ್ಯಾರೆ ಕಾಣ್ತಾವು. ಹಣ್ಣನ್ನ ಮನಿಯೊಳಗ ಹೆಂಗ ಬಳಸೋದು? ಸಭಾದಾಗ ಸರಿಯಾದ ಮಾತು ಏನು ಹೇಳ್ಬೇಕು? ತಿಳದವರು ಹೇಳ್ರಿ.

ವಿಜಯಪುರದ ಅಣ್ಣ, ಪಿಂಪ್ರಿ

ಅಕ್ಕಾರ, ಕಡಿಯಾಕ ಬಿಡಬ್ಯಾಡ್ರಿ. ನಮ್ಮವ್ವ ರೇಷ್ಮಿ ಸೆರಗಿನ ಇಳಕಲ್ ಸೀರಿ ತೊಳೆಯಾಕ ಅಂಟುವಾಳ ಬಿಟ್ಟು ಬ್ಯಾರೆ ಏನೂ ಮುಟ್ಟಿಸ್ತಿರಲಿಲ್ಲ. ರಾತ್ರಿ ನೆನಿ ಹಾಕಿ, ಬೆಳಿಗ್ಗೆ ಕಿವುಚಿ, ಸೋಸಿದ ನೀರಾಗ ಸೀರಿ ಅದ್ದಿ ಎತ್ತೋದು. ತಿಕ್ಕೋದಿಲ್ಲ, ಹಿಂಡೋದಿಲ್ಲ, ನೆರಳಾಗ ಒಣಸೋದು. ಅವ್ವನ ಮದುವಿ ಸೀರಿ ಇನ್ನೂ ನಮ್ಮ ಮನ್ಯಾಗ ಐತಿ, ಸೆರಗಿನ ಕೆಂಪು ಹಂಗ ಐತಿ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಪುಣೆ

ಅಮ್ಮಾ, ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಉಳಿದ ಎರಡಕ್ಕೂ ಅದೇ ತಳಹದಿ.

ಎರಡೂ ಒಂದೇ ಕುಲದ ಮರಗಳು, ಪ್ರಭೇದ ಮಾತ್ರ ಬೇರೆ. ಕುಲದ ಹೆಸರು ಸ್ಯಾಪಿಂಡಸ್. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟದ್ದು. ನಮ್ಮ ದಖ್ಖನ್ನಿನಲ್ಲಿ, ಕೊಂಕಣದಲ್ಲಿ, ಕರ್ನಾಟಕದ ಬಯಲುಸೀಮೆಯಲ್ಲಿ ಬೆಳೆಯುವುದು ಸ್ಯಾಪಿಂಡಸ್ ಟ್ರೈಫೋಲಿಯೇಟಸ್. ಈ ಹೆಸರನ್ನು ಕೊಟ್ಟದ್ದೂ ಲಿನೇಯಸ್ಸೇ, ಅದೇ ವರ್ಷ. ಹಳೆಯ ಪುಸ್ತಕಗಳಲ್ಲಿ ಇದನ್ನೇ ಲಾರಿಫೋಲಿಯಸ್ ಎಂದು ಬರೆದಿರುತ್ತಾರೆ. ಎಮಾರ್ಜಿನೇಟಸ್ ಎಂಬುದನ್ನು ಕೆಲವರು ಬೇರೆ ಪ್ರಭೇದವೆಂದು ಎಣಿಸುತ್ತಾರೆ, ಕೆಲವರು ಇದರೊಳಗೇ ಸೇರಿಸುತ್ತಾರೆ. ಅಂಗಡಿಗಳಿಗೆ ಮೂಟೆಗಟ್ಟಲೆ ಬರುವುದು ಹೆಚ್ಚಾಗಿ ಹಿಮಾಲಯದ ತಪ್ಪಲಿನ ಸ್ಯಾಪಿಂಡಸ್ ಮುಕೊರೊಸ್ಸಿ. ಉತ್ತರಾಖಂಡ, ಹಿಮಾಚಲದ ಕಡೆಯ ಮರ ಅದು.

ನಿಮ್ಮ ಮರದ ಕೆಳಗೆ ನಿಂತು ನೋಡಿ. ಒಂದು ದಂಟಿನ ಮೇಲೆ ಎರಡು ಅಥವಾ ಮೂರು ಜೊತೆ ಕಿರುಎಲೆಗಳಿದ್ದು, ತುದಿಯಲ್ಲಿ ಒಂಟಿ ಎಲೆ ಇಲ್ಲದಿದ್ದರೆ ಅದು ನಮ್ಮೂರ ಅಂಟುವಾಳ. ಹಿಮಾಲಯದ್ದರಲ್ಲಿ ಐದರಿಂದ ಹತ್ತು ಜೊತೆಯವರೆಗೂ ಕಿರುಎಲೆಗಳಿರುತ್ತವೆ. ಹಣ್ಣಿನಲ್ಲಿ ಇನ್ನೂ ಸುಲಭ. ನಮ್ಮದು ಎರಡು ಮೂರು ಗುಂಡು ಒಟ್ಟಿಗೆ ಅಂಟಿಕೊಂಡ ಹಾಗೆ, ಹೋಳುಹೋಳಾಗಿ ಇರುತ್ತದೆ. ಎಳೆಯದಿದ್ದಾಗ ಮೇಲೆ ತುಕ್ಕಿನ ಬಣ್ಣದ ರೋಮವಿರುತ್ತದೆ. ಹಿಮಾಲಯದ್ದು ಹೆಚ್ಚಾಗಿ ಒಂಟಿ ಗುಂಡು, ಜೇನಿನ ಬಣ್ಣ. ಬುಡದಲ್ಲಿ ಬೆಳೆಯದೆ ನಿಂತುಹೋದ ಉಳಿದ ಭಾಗದ ಗುರುತು ಕಾಣುತ್ತದೆ. ನಿಮಗೆ ಬೇರೆ ಕಂಡದ್ದು ಅದಕ್ಕೇ, ಸರಿಯಾಗಿಯೇ ಗಮನಿಸಿದ್ದೀರಿ.

ಕಾಲವೂ ಬೇರೆ. ನಮ್ಮ ಮರ ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಹೂ ಬಿಡುತ್ತದೆ. ಹಸಿರು ಬೆರೆತ ಬಿಳಿಯ ಸಣ್ಣ ಸಣ್ಣ ಹೂಗಳ ದೊಡ್ಡ ಗೊಂಚಲು. ಜೇನ್ನೊಣಗಳು ಮುತ್ತಿಕೊಂಡಿರುತ್ತವೆ. ಹಣ್ಣು ಮಾಗುವುದು ಫೆಬ್ರವರಿಯಿಂದ ಏಪ್ರಿಲಿನೊಳಗೆ. ಹಿಮಾಲಯದ್ದು ಬೇಸಿಗೆಯಲ್ಲಿ ಹೂವಾಗಿ ಚಳಿಗಾಲದಲ್ಲಿ ಮಾಗುತ್ತದೆ. ಈ ತಿಂಗಳ ಲೆಕ್ಕ ನಿಮ್ಮ ಸಭೆಗೆ ಬೇಕಾಗುತ್ತದೆ, ನೆನಪಿಡಿ.

ನೊರೆ ಬರುವುದು ಹಣ್ಣಿನ ಸಿಪ್ಪೆಯಲ್ಲಿರುವ ಸ್ಯಾಪೋನಿನ್‌ನಿಂದ. ಹಿಮಾಲಯದ ಹಣ್ಣಿನಲ್ಲಿ ಸುಮಾರು 10–11 ಪ್ರತಿಶತದಷ್ಟು ಇರುತ್ತದೆ ಎನ್ನುತ್ತಾರೆ. ಸ್ಯಾಪೋನಿನ್ ಅಣುವಿನ ಒಂದು ಕಡೆ ಸಕ್ಕರೆಯ ಭಾಗವಿದೆ, ಅದು ನೀರಿಗೆ ಒಲಿಯುತ್ತದೆ. ಇನ್ನೊಂದು ಕಡೆ ಜಿಡ್ಡಿಗೆ ಒಲಿಯುತ್ತದೆ. ಜಿಡ್ಡನ್ನು ಬಟ್ಟೆಯಿಂದ ಬಿಡಿಸಿ ನೀರಿಗೆ ಸಾಗಿಸುವುದು ಈ ಎರಡು ಗುಣಗಳ ಕೂಟ. ಬೀಜದಲ್ಲಿ ಈ ಕೆಲಸವಿಲ್ಲ. ಕರಿಯ ಗಟ್ಟಿ ಬೀಜವನ್ನು ತೆಗೆದೇ ಸಿಪ್ಪೆಯನ್ನು ಬಳಸಬೇಕು.

ಈ ಕುಟುಂಬದ ಇನ್ನೊಂದು ಮರವನ್ನೂ ಹೇಳದೆ ಇರಲಾರೆ. ಮಾರ್ಚಿನಲ್ಲಿ ಪುಣೆ ಹತ್ತಿರದ ತಾಮ್ಹಿಣಿ ಘಾಟಿನ ಕಡೆ ಹೋದವರು ಕೆಂಪು ಚಿಗುರು ಹೊತ್ತ ಮರಗಳನ್ನು ಹೂವೆಂದು ತಿಳಿಯುತ್ತಾರೆ. ಇಲ್ಲಿ ಅದಕ್ಕೆ ಕೋಶಿಂಬ್ ಎನ್ನುತ್ತಾರೆ, ನಾವು ಸಾಗಡೆ ಎನ್ನುತ್ತೇವೆ. ಒಳ್ಳೆಯ ಅರಗು ಸಿಗುವುದು ಆ ಮರದ ಮೇಲೆ ಸಾಕಿದ ಅರಗಿನ ಹುಳದಿಂದ. ಲಿಚಿ, ರಂಬುಟಾನ್ ಕೂಡ ಇದೇ ಸಂಸಾರದವು. ಅಂಟುವಾಳ ಇವರೆಲ್ಲರ ನಡುವೆ ಮನೆಗೆ ಹತ್ತಿರದ ಮರ.

ಧಾರವಾಡದಾಕಿ, ವಾರಜೆ

ಸರ್, ಈಗಷ್ಟ ಕೆಳಗ ಹೋಗಿ ನೋಡಿ ಬಂದೆ. ಮೂರು ಜೊತಿ ಎಲಿ, ತುದಿಗೆ ಒಂಟಿ ಇಲ್ಲ. ನಮ್ಮ ಮಣ್ಣಿಂದ ಮರ! ಭಾಳ ಖುಷಿ ಆತು.

ಕಾರ್ಯದರ್ಶಿ, ಪಿಂಪಳೆ ಸೌದಾಗರ

ನಾನು ಇನ್ನೊಂದು ಸೊಸೈಟಿಯ ಕಾರ್ಯದರ್ಶಿ, ಆ ಕಡೆಯ ಮಾತು ಹೇಳುತ್ತೇನೆ. ಕಮಿಟಿಯವರೆಲ್ಲ ಮರದ ವೈರಿಗಳಲ್ಲ. ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದರೆ ಆ ಹೊರೆ ಹೊರುವವರು ಯಾರು? ನಮ್ಮಲ್ಲಿ ಬೇರೆ ಜಾತಿಯ ಮರದ ಹಣ್ಣಿನಿಂದ ಹಾಗೆ ಆಗಿದೆ. "ಮರ ಪವಿತ್ರ, ಹಳೇದು, ಅಜ್ಜಿ ಬಳಸುತ್ತಿದ್ದರು" ಎಂದರೆ ಸಭೆಯಲ್ಲಿ ಯಾರೂ ಒಪ್ಪುವುದಿಲ್ಲ. ಹಣ್ಣು ಬೀಳುವ ತಿಂಗಳಲ್ಲಿ ಏನು ಮಾಡುತ್ತೀರಿ, ಯಾರು ಮಾಡುತ್ತಾರೆ, ಖರ್ಚು ಯಾರದು, ಇಷ್ಟನ್ನು ಬರೆದುಕೊಂಡು ಹೋಗಿ. ಹೀಗೆ ಬರೆದುಕೊಂಡು ಬಂದವರ ಮಾತನ್ನು ನಾನಂತೂ ಎಂದೂ ತಳ್ಳಿಹಾಕಿಲ್ಲ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಪುಣೆ

ಕಾರ್ಯದರ್ಶಿಗಳ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ನಾನು ತಿಂಗಳ ಲೆಕ್ಕ ಹೇಳಿದ್ದು ಇದಕ್ಕೇ. ಹಣ್ಣು ಬೀಳುವುದು ಪುಣೆಯ ಅತಿ ಒಣ ತಿಂಗಳುಗಳಲ್ಲಿ. ಜೂನಿನ ಮಳೆಗೆ ಮೊದಲೇ ಕೆಲಸ ಮುಗಿದಿರುತ್ತದೆ. ನೊರೆಯ ತೊಂದರೆ ಬರುವುದು ಬಿದ್ದ ಹಣ್ಣನ್ನು ಏಪ್ರಿಲ್, ಮೇ ತನಕ ಹಾಗೇ ಬಿಟ್ಟಾಗ ಮಾತ್ರ. ಫೆಬ್ರವರಿಯಲ್ಲಿ ಮರದ ಕೆಳಗೆ ಹಳೆಯ ಸೊಳ್ಳೆಪರದೆಯನ್ನೋ ಹಸಿರು ಶೇಡ್‌ನೆಟ್ಟನ್ನೋ ಕಟ್ಟಿದರೆ ಹಣ್ಣು ನೆಲಕ್ಕೆ ಬೀಳುವುದೇ ಇಲ್ಲ. ಗಾಡಿಗಳನ್ನು ಹಣ್ಣು ಬೀಳುವ ತಿಂಗಳುಗಳಲ್ಲಿ ಮರದ ನೆರಳಿನಿಂದ ಆಚೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಕುಂದಾಪುರದವರು, ಡೊಂಬಿವಿಲಿ

ಬಳಸುವ ಕ್ರಮ ಕೇಳಿದ್ದೀರಿ ಅಲ್ವಾ, ನಮ್ಮ ಮನೆಯ ಪದ್ಧತಿ ಬರೆಯುತ್ತೇನೆ. ನಾನು ಕೆಮಿಸ್ಟ್ರಿ ಕಲಿಸುವವಳು, ಹಾಗಾಗಿ ಕಾರಣವನ್ನೂ ಸೇರಿಸುತ್ತೇನೆ, ಬೇಜಾರು ಮಾಡ್ಕೊಳ್ಬೇಡಿ.

ಒಣಗಿದ ಹಣ್ಣನ್ನು ಜಜ್ಜಿ ಬೀಜ ತೆಗೆಯಿರಿ. ಒಂದು ಹಿಡಿ ಸಿಪ್ಪೆಯನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ತಣಿದ ಮೇಲೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಕುದಿಸುವಾಗ ಪಾತ್ರೆ ದೊಡ್ಡದಿರಲಿ, ಹಾಲಿಗಿಂತ ಬೇಗ ಉಕ್ಕಿ ಒಲೆಗೆ ಬರುತ್ತದೆ. ಈ ನೀರಲ್ಲಿ ಸಕ್ಕರೆಯ ಅಂಶವೂ ಉಂಟು, ಹೊರಗಿಟ್ಟರೆ ಎರಡು ದಿನದಲ್ಲೇ ಹುಳಿ ವಾಸನೆ ಬರುತ್ತದೆ. ಬೇಕಾದಷ್ಟೇ ಮಾಡಿ, ಉಳಿದರೆ ಫ್ರಿಜ್ಜಿನಲ್ಲಿಡಿ. ವರ್ಷಕ್ಕೆ ಬೇಕಾದ್ದನ್ನು ನೀರಾಗಿ ಇಡಬಾರದು, ಒಣಗಿದ ಸಿಪ್ಪೆಯಾಗಿಯೇ ಗಾಳಿ ಆಡದ ಡಬ್ಬಿಯಲ್ಲಿಡಬೇಕು. ಮುಂಬೈಯ ಮಳೆಗಾಲದ ತೇವಕ್ಕೆ ತೆರೆದಿಟ್ಟ ಸಿಪ್ಪೆ ಬೂಸ್ಟು ಹಿಡಿಯುತ್ತದೆ.

ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಬಳಸುವವರಿಗೆ ಇದು ನಿಜಕ್ಕೂ ಉಪಕಾರಿ. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಸಾಬೂನು ಅದರ ಜೊತೆ ಸೇರಿ ನೀರಿನಲ್ಲಿ ಕರಗದ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ, ಕೂದಲಿಗೆ ಅಂಟುವುದು ಅದೇ. ಅಂಟುವಾಳದ ಸ್ಯಾಪೋನಿನ್ ಸಾಬೂನಿನಂತೆ ಲವಣವಲ್ಲ, ಆದ್ದರಿಂದ ಆ ಗಸಿ ಕಟ್ಟುವುದಿಲ್ಲ. ಸಾಬೂನು ಕ್ಷಾರ, ಅಂಟುವಾಳದ ನೀರು ಸ್ವಲ್ಪ ಆಮ್ಲೀಯ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನಿನ ನೂಲು, ಕ್ಷಾರ ಅವಕ್ಕೆ ಆಗುವುದಿಲ್ಲ. ವಿಜಯಪುರದ ಅಣ್ಣನವರ ತಾಯಿ ಮಾಡಿದ್ದು ಅದಕ್ಕೇ ಸರಿಯಾಗಿದೆ.

ತಲೆಗೆ ಹಾಕುವುದಾದರೆ ಅಂಟುವಾಳ ಒಂದನ್ನೇ ಹಾಕಬೇಡಿ, ಕೂದಲು ಒರಟಾಗುತ್ತದೆ. ಸೀಗೆಪುಡಿಯ ಜೊತೆ ಕಡಿಮೆ ಪಾಲು ಸೇರಿಸಿ. ಎಣ್ಣೆ ಹಚ್ಚಿ ಮೀಯುವ ದಿನಕ್ಕೆ ಸರಿಯಾಗುತ್ತದೆ.

ಇಬ್ಬರು ಮಕ್ಕಳ ತಾಯಿ, ಠಾಣೆ

ಕೆಮಿಸ್ಟ್ರಿ ಮೇಡಂ, ಒಂದು ಎಚ್ಚರಿಕೆ ಸೇರಿಸಿ ದಯವಿಟ್ಟು. ನನ್ನ ಮಗಳ ಕಣ್ಣಿಗೆ ಈ ನೀರು ಹೋಗಿ ಇಡೀ ರಾತ್ರಿ ಅಳುತ್ತಿದ್ದಳು, ಮರುದಿನವೂ ಕಣ್ಣು ಕೆಂಪಗಿತ್ತು. "ನೈಸರ್ಗಿಕ" ಎಂದು ಬರೆದ ಪ್ಯಾಕೆಟ್ಟಿನ ಮೇಲೆ ಇದರ ಬಗ್ಗೆ ಒಂದಕ್ಷರ ಇರಲಿಲ್ಲ. ಗಿಡದಿಂದ ಬಂದದ್ದೆಲ್ಲ ಮಕ್ಕಳಿಗೆ ಮೃದು ಅಂತ ಅಂದುಕೊಳ್ಳುವುದು ಅಪಾಯ.

ಕುಂದಾಪುರದವರು, ಡೊಂಬಿವಿಲಿ

ಹೌದು ಅಕ್ಕ, ಇದನ್ನು ಮೊದಲೇ ಬರೆಯಬೇಕಾದಷ್ಟು ದೊಡ್ಡ ವಿಷಯ. ಸ್ಯಾಪೋನಿನ್ ಕಣ್ಣಿನ ಮೇಲ್ಪೊರೆಯನ್ನು ಬಲವಾಗಿ ಕೆರಳಿಸುತ್ತದೆ. ಚಿಕ್ಕ ಮಕ್ಕಳ ತಲೆಗೆ ಹಾಕಲೇಬೇಡಿ. ದೊಡ್ಡವರೂ ತಲೆ ಹಿಂದಕ್ಕೆ ಬಾಗಿಸಿ ತೊಳೆಯಬೇಕು. ಕಣ್ಣಿಗೆ ಹೋದರೆ ತಕ್ಷಣ ಹರಿಯುವ ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆದು ಕಣ್ಣಿನ ಡಾಕ್ಟರಿಗೆ ತೋರಿಸಿ. ಒಣ ಸಿಪ್ಪೆಯನ್ನು ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸೀನು ನಿಲ್ಲುವುದಿಲ್ಲ.

ಅರೆತಲೆನೋವಿಗೆ ಮೂಗಿಗೆ ಎರಡು ತೊಟ್ಟು ಬಿಡುವ ಹಳೆಯ ರೂಢಿ ಕೆಲವೆಡೆ ಉಂಟು. ವಿಡಿಯೋ ನೋಡಿ ಮನೆಯಲ್ಲಿ ಹಾಗೆಲ್ಲ ಮಾಡಬೇಡಿ. ಕುಡಿಯಲೂ ಬಾರದು. ಸ್ಯಾಪೋನಿನ್ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣವನ್ನೇ ಒಡೆಯುತ್ತದೆ.

ಪತ್ತಾರ ಮನಿತನ, ಸೊಲ್ಲಾಪುರದಿಂದ ಪುಣೆ

ನಮ್ಮ ಬಂಗಾರದ ಅಂಗಡಿಯೊಳಗ ಅಂಟುವಾಳದ ನೀರಿನ ಬಟ್ಟಲ ಯಾವಾಗಲೂ ಇರ್ತದ. ಗಿರಾಕಿ ಬಂಗಾರದ ಗುಂಡಿನ ಹಳೇ ಬೋರಮಾಳ ಸರ, ತಾಳಿ ತಂದ್ರ ಉಗುರುಬೆಚ್ಚನ ಅಂಟುವಾಳದ ನೀರಾಗ ಬಿಟ್ಟು, ಮೆತ್ತಗಿನ ಬ್ರಶ್‌ನಿಂದ ಗುಂಡಿನ ಸಂದಿ ತಿಕ್ಕತೀವಿ. ಮೈಯೆಣ್ಣಿ, ಅರಿಷಿಣ, ಧೂಳು ಎಲ್ಲಾ ಬಿಡ್ತದ, ಬಂಗಾರ ಸವೆಯೂದಿಲ್ಲ. ಒಂದು ಮಾತು ನೆನಪಿರಲಿ. ಬೆಳ್ಳಿ ಕಪ್ಪಾದ್ರ ಬರೇ ಅಂಟುವಾಳದಿಂದ ಪೂರ್ತಿ ಹೋಗೂದಿಲ್ಲ. ಆ ಕಪ್ಪು ಜಿಡ್ಡಲ್ಲ, ಬೆಳ್ಳಿಗೆ ಗಂಧಕ ಹತ್ತಿದ್ದು. ಅದಕ್ಕ ಬ್ಯಾರೆ ಕೆಲಸ ಬೇಕು. ಮತ್ತ ಮುತ್ತು, ಅರಗು ತುಂಬಿದ ಸಾಮಾನು ನೆನಿ ಹಾಕಬ್ಯಾಡ್ರಿ.

ಶಿರಸಿಯವ, ಮಡಗಾಂವ್

ನಾನು ಮೀನಿನ ವಿಷಯ ಹೇಳಬೇಕು. ಗೋವಾಕ್ಕೆ ಬಂದ ಮೇಲೆ ನಮ್ಮ ಮನೆ ಹಿಂದೆ ಕೆರೆ, ಮುಂದೆ ಗದ್ದೆ. ಅಂಟುವಾಳದ ನೀರು ಮೀನಿಗೆ ವಿಷ. ಹಿಂದೆ ನಿಂತ ನೀರಿಗೆ ಜಜ್ಜಿದ ಕಾಯಿ ಹಾಕಿ ಮೀನಿಗೆ ಅಮಲು ಬರಿಸಿ ಹಿಡಿಯುತ್ತಿದ್ದದ್ದು ಇದರಿಂದಲೇ. ಸ್ಯಾಪೋನಿನ್ ಕಿವಿರಿಗೆ ತಾಗಿದರೆ ಮೀನು ಉಸಿರಾಡಲಾರದು. ಹಾಗಾಗಿ "ಪರಿಸರಸ್ನೇಹಿ, ಎಲ್ಲಿ ಬೇಕಾದರೂ ಚೆಲ್ಲಿ" ಎಂಬ ಮಾತು ಸುಳ್ಳು. ಇದು ಮಣ್ಣಿನಲ್ಲಿ ಬೇಗ ಕೊಳೆತು ಹೋಗುತ್ತದೆ, ಅದು ನಿಜ. ತೆಂಗಿನ ಬುಡಕ್ಕೆ, ಬಾಳೆಯ ಬುಡಕ್ಕೆ ಬಿಡಿ. ಕೆರೆಗೆ, ಬಾವಿಗೆ, ಹಳ್ಳಕ್ಕೆ, ಮನೆಯ ಮೀನಿನ ತೊಟ್ಟಿಗೆ ಒಂದು ಚೊಂಬೂ ಬೀಳಬಾರದು. ಸೊಸೈಟಿಯಲ್ಲಿ ಕಮಲದ ಕೊಳವೋ ಮೀನಿನ ಕೊಳವೋ ಇದ್ದರೆ ಮರದ ಹಣ್ಣು ಅದರೊಳಗೆ ಬೀಳದ ಹಾಗೆ ನೋಡಿಕೊಳ್ಳಿ.

ಐಟಿ ಹುಡುಗ, ಹಿಂಜೆವಾಡಿ

ವಾಷಿಂಗ್ ಮೆಷಿನ್‌ಗೆ ಹಾಕಬಹುದಾ? ಡಿಟರ್ಜೆಂಟ್ ಪೂರ್ತಿ ನಿಲ್ಲಿಸಬೇಕು ಅಂತ ಆಸೆ.

ಕುಂದಾಪುರದವರು, ಡೊಂಬಿವಿಲಿ

ಹಾಕಬಹುದು. ಸಿಪ್ಪೆಯನ್ನು ಹತ್ತಿಬಟ್ಟೆಯ ಸಣ್ಣ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಟ್ಟೆಯ ಜೊತೆ ಹಾಕುವುದು. ತಣ್ಣೀರಿಗೆ ಸತ್ವ ಬಿಡುವುದು ಕಡಿಮೆ, ಕುದಿಸಿ ಸೋಸಿದ ನೀರನ್ನೇ ಹಾಕಿದರೆ ಹೆಚ್ಚು ಪ್ರಯೋಜನ. ಆದರೆ ಪೂರ್ತಿ ನಿಲ್ಲಿಸುತ್ತೇನೆ ಅಂತ ಹೊರಡಬೇಡ ತಮ್ಮ. ದಿನದ ಬೆವರು, ಧೂಳಿಗೆ ಸಾಕಾಗುತ್ತದೆ. ಕಾಲರಿನ ಕೊಳೆ, ಅರಿಶಿನದ ಕಲೆ, ಬೈಕಿನ ಗ್ರೀಸ್ ಇದಕ್ಕೆ ಬಗ್ಗುವುದಿಲ್ಲ. ಬಿಳಿ ಹತ್ತಿ ಅಂಗಿ ಬರಬರುತ್ತಾ ಮಂಕಾಗುತ್ತದೆ. ರೇಷ್ಮೆ, ಉಣ್ಣೆ, ಬಣ್ಣದ ಮೃದು ಬಟ್ಟೆ ಇದಕ್ಕೆ, ಉಳಿದದ್ದು ಸಾಬೂನಿಗೆ. ನಮ್ಮ ಮನೆಯಲ್ಲಿ ಹೀಗೆ ಹಂಚಿಕೊಂಡಿದ್ದೇವೆ.

ವಿಜಯಪುರದ ಅಣ್ಣ, ಪಿಂಪ್ರಿ

ಕಾಯ್ದೆ ಮಾತು ಯಾರೂ ಆಡಲಿಲ್ಲಲ್ಲ! ಅಕ್ಕಾರ, ಬರೇ ಸೊಸೈಟಿ ಠರಾವು ಮಾಡಿದ್ರ ಸಾಲೂದಿಲ್ಲ, ಅಷ್ಟಕ್ಕ ಮರ ಕಡಿಯಾಕ ಬರೂದಿಲ್ಲ. ಮಹಾರಾಷ್ಟ್ರದಾಗ 1975ರ ನಗರ ವೃಕ್ಷ ಸಂರಕ್ಷಣಾ ಕಾಯ್ದೆ ಐತಿ. ಖಾಸಗಿ ಜಾಗಾದಾಗಿನ ಮರ ಆದ್ರೂ ಮಹಾನಗರಪಾಲಿಕೆಯ ಪರವಾನಗಿ ಬೇಕು. ಅರ್ಜಿ ಹಾಕಿದ ಮ್ಯಾಲೆ ಅವರು ಬಂದು ನೋಡ್ತಾರ, ಮರಕ್ಕ ನೋಟಿಸು ಅಂಟಸ್ತಾರ, ನೀವು ಆಕ್ಷೇಪಣಾ ಬರೆದು ಕೊಡಬಹುದು. 2021ರ ತಿದ್ದುಪಡಿಯೊಳಗ 50 ವರ್ಷ ದಾಟಿದ ಮರಕ್ಕ ಪಾರಂಪರಿಕ ಮರ ಅಂತ ವಿಶೇಷ ರಕ್ಷಣಾ ಕೊಟ್ಟಾರ. ಹೊಲ ಇದ್ದಾಗಿಂದ ಐತಿ ಅಂದ್ರಿ, ನಿಮ್ಮ ಮರ ಅದರಾಗ ಬರಬಹುದು. ವಯಸ್ಸು ನೋಡಿ ಹೇಳಾಕ ಪಾಲಿಕೆ ಉದ್ಯಾನ ವಿಭಾಗದವರನ್ನ ಕೇಳ್ರಿ.

ಕಾರ್ಯದರ್ಶಿ, ಪಿಂಪಳೆ ಸೌದಾಗರ

ಅಣ್ಣನವರು ಹೇಳಿದ್ದು ಸರಿ, ಆದರೆ ಸಭೆಯಲ್ಲಿ ಕಾಯ್ದೆಯನ್ನು ಮೊದಲು ಎತ್ತಬೇಡಿ. ಕಾಯ್ದೆ ಎಂದ ಕೂಡಲೇ ಜನ ಎರಡು ಪಾಳಯವಾಗುತ್ತಾರೆ. ಮೊದಲು ಬಲೆ ಕಟ್ಟುವ ಯೋಜನೆ, ಆಮೇಲೆ ಹಣ್ಣು ಹಂಚುವ ಯೋಜನೆ, ಕೊನೆಗೆ ಬೇಕಾದರೆ ಕಾಯ್ದೆ. ಕೊಂಬೆ ಸವರುವುದಕ್ಕೂ ಅನುಮತಿ ಕೇಳಬೇಕು ಎಂಬುದನ್ನು ಮಾತ್ರ ಕಮಿಟಿಗೆ ತಿಳಿಸಿಡಿ. ಯಾರೋ ಆತುರದಲ್ಲಿ ಅರ್ಧ ಮರ ಸವರಿಬಿಟ್ಟರೆ ಎಲ್ಲರಿಗೂ ತೊಂದರೆ.

ಧಾರವಾಡದಾಕಿ, ವಾರಜೆ

ಎಲ್ಲಾರಿಗೂ ಶರಣ್ರಿ. ಸಭಾ ಆತು. ಕಾರ್ಯದರ್ಶಿ ಸರ್ ಹೇಳಿದಂಗ ಬರಕೊಂಡು ಹೋಗಿದ್ದೆ. ಫೆಬ್ರವರಿಗೆ ಬಲಿ ಕಟ್ಟೋದು, ಮರದ ಕೆಳಗಿನ ಗಾಡಿ ಜಾಗಾ ಆ ಹೊತ್ತಿಗೆ ಬದಲಿ ಮಾಡೋದು, ಹಣ್ಣು ಒಣಗಿಸಿ ಬೇಕಾದವರ ಮನಿಗೆ ಹಂಚೋದು. ಬಲಿ ಖರ್ಚು ನಾವು ನಾಲ್ಕು ಮನಿಯವರು ಹಾಕ್ತೀವಿ ಅಂದೆ. ಮರಾಠಿ ಆಜಿ ಒಬ್ಬಾಕಿ ಎದ್ದು ನಿಂತು, ತನ್ನ ತವರುಮನಿ ಸಾತಾರಾದಾಗ ರಿಠಾದಿಂದ ಗೋಧಡಿ (ಕೌದಿ) ತೊಳಿತಿದ್ದರು ಅಂತ ಹೇಳಿದಳು. ಕಡಿಯೋ ಮಾತು ಒಂದು ವರ್ಷ ಮುಂದ ಹಾಕ್ಯಾರ. ಪೂರ್ತಿ ಬಿಟ್ಟಿಲ್ಲ. ಮುಂದಿನ ಬ್ಯಾಸಗಿ ನೋಡಿ ತೀರ್ಮಾನ ಮಾಡ್ತಾರಂತ, ಅದಕ್ಕ ಈ ಸಲ ಒಂದು ಹಣ್ಣೂ ನೆಲಕ್ಕ ಬೀಳಬಾರದು.

ಇನ್ನೊಂದು ಪ್ರಶ್ನಾ. ಬೀಜ ಭಾಳ ಉಳಿತಾವು. ಸಸಿ ಮಾಡಬೇಕು ಅನ್ನೋ ಆಸೆ. ಕುಂಡ್ಯಾಗ ಹಾಕಿದ್ದು ಒಂದೂ ಏಳೂದಿಲ್ಲ ಅಂತ ಕೆಳಗಿನ ಮನಿಯವರು ಅಂತಾರ. ಯಾಕ?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಪುಣೆ

ಬಹಳ ಒಳ್ಳೆಯ ಸುದ್ದಿ ಅಮ್ಮಾ.

ಬೀಜದ ಚಿಪ್ಪು ಕಲ್ಲಿನಷ್ಟು ಗಟ್ಟಿ, ನೀರನ್ನು ಒಳಗೆ ಬಿಡುವುದಿಲ್ಲ. ಹಾಗೇ ಹಾಕಿದರೆ ತಿಂಗಳುಗಟ್ಟಲೆ ಮಣ್ಣಲ್ಲಿ ಮಲಗಿರುತ್ತದೆ. ಅಂಟು ಹೋಗುವಂತೆ ಚೆನ್ನಾಗಿ ತೊಳೆದು, ಚಿಪ್ಪಿನ ಒಂದು ಬದಿಯನ್ನು ಒರಟು ಕಲ್ಲಿನ ಮೇಲೆ ಉಜ್ಜಿ ತೆಳ್ಳಗೆ ಮಾಡಿ. ಒಳಗಿನ ತಿರುಳಿಗೆ ಪೆಟ್ಟು ಬೀಳಬಾರದು. ಆಮೇಲೆ ಬಿಸಿನೀರಿಗೆ ಹಾಕಿ, ಅದು ತಾನಾಗಿ ತಣಿದು ಒಂದು ಹಗಲು ಒಂದು ರಾತ್ರಿ ಕಳೆಯಲಿ. ಉಬ್ಬಿದ ಬೀಜವನ್ನಷ್ಟೇ ಹಾಕಿ. ಆಳವಾದ ಚೀಲ ಬೇಕು, ತಾಯಿಬೇರು ಬೇಗ ಕೆಳಗಿಳಿಯುತ್ತದೆ. ಕುಂಡದಲ್ಲಿ ಬಹಳ ದಿನ ಇಟ್ಟರೆ ಬೇರು ಸುತ್ತಿಕೊಂಡು ಮರ ಬಲವಾಗುವುದಿಲ್ಲ.

ಬೀಜದಿಂದ ಬಂದ ಮರ ಹಣ್ಣು ಬಿಡಲು ಎಂಟು ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಹಾಗಾಗಿ ನೆಡುವ ಜಾಗವನ್ನು ಈಗಲೇ ಯೋಚಿಸಿ: ಗೋಡೆಯಿಂದ, ನೀರಿನ ಟ್ಯಾಂಕಿನಿಂದ ದೂರ, ಗಾಡಿ ನಿಲ್ಲದ ಕಡೆ, ಕೆಳಗೆ ಫರಸಿ ಇಲ್ಲದೆ ಬರಿಯ ಮಣ್ಣಿರುವ ಕಡೆ. ನಿಮ್ಮ ಸೊಸೈಟಿಯ ತಕರಾರು ಮುಂದೆ ಇನ್ನೊಂದು ಸೊಸೈಟಿಯಲ್ಲಿ ಹುಟ್ಟಬಾರದು.

ಶಿರಸಿಯವ, ಮಡಗಾಂವ್

ಅಕ್ಕ, ನನಗೊಂದು ಹಿಡಿ ಬೀಜ ಬೇಕು. ಏಪ್ರಿಲ್‌ನಲ್ಲಿ ಪುಣೆಗೆ ಬರುವವನಿದ್ದೇನೆ. ಕೆರೆಯಿಂದ ದೂರ, ಗುಡ್ಡದ ಬದಿಯಲ್ಲಿ ಜಾಗ ಇದೆ.

ಇಬ್ಬರು ಮಕ್ಕಳ ತಾಯಿ, ಠಾಣೆ

ಹಣ್ಣಿನ ಪೊಟ್ಟಣ ಹಂಚುವಾಗ ಮೇಲೆ ಒಂದು ಚೀಟಿ ಅಂಟಿಸಿ ಅಕ್ಕ: "ಮಕ್ಕಳ ಕಣ್ಣಿಗೆ ತಾಗಿಸಬೇಡಿ, ಮೀನಿರುವ ನೀರಿಗೆ ಚೆಲ್ಲಬೇಡಿ, ಬಾಯಿಗೆ ಹಾಕಬೇಡಿ." ಮರಾಠಿಯಲ್ಲಿ ನಾನು ಬರೆದು ಕೊಡುತ್ತೇನೆ.

ಧಾರವಾಡದಾಕಿ, ವಾರಜೆ

ಬರೆದು ಕಳಸ್ರಿ ತಂಗಿ, ಕನ್ನಡದಾಗ ನಾ ಬರೀತೀನಿ, ಎರಡೂ ಒಂದ ಚೀಟಿ ಮ್ಯಾಲೆ ಹಾಕೋಣು. ಶಿರಸಿ ಅಣ್ಣಾರ, ನಿಮ್ಮ ಪಾಲಿಂದು ತೊಳದು ಒಣಗಿಸಿ ತಗದಿಡ್ತೀನಿ. ಪುಣೆದಾಗ ಇರೋವರಿಗೂ ಬೀಜ ಬೇಕಂದ್ರ ಇಲ್ಲೇ ಹೆಸರು ಹಾಕ್ರಿ, ಜಾಗಾ ಎಲ್ಲಿ ಅಂತನೂ ಬರೀರಿ.